ಇಪ್ಪತ್ತೇಳನೇ ನಂಬರು

ಜನವರಿ 6, ಸೋಮವಾರ

ರಕ್ತದಲ್ಲಿನ ಲೋಹ ಅಳೆಯುವ ಯಂತ್ರದ ದೀಪ ಕಾದು ಹದಕ್ಕೆ ಬರಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಲ್ಯಾಬ್ ಬಿಟ್ಟು ಹೋಗುವಂತಿಲ್ಲ, ಬೇರೆ ಕೆಲಸಕ್ಕೆ ಕೈ ಹಾಕುವಂತಿಲ್ಲ. ಆ ಅರ್ಧ ಗಂಟೆ ಈ ಡೈರಿಯಲ್ಲಿ ಬರೆಯುವುದು ಅಂತ ತೀರ್ಮಾನ ಮಾಡಿದ್ದೇನೆ. ಮೂವತ್ತು ವರ್ಷ ಬೇರೆಯವರ ರಕ್ತದ ವರದಿ ಬರೆದದ್ದಾಯಿತು. ನನ್ನದು ಅಂತ ಒಂದು ಸಾಲೂ ಇಲ್ಲ.

ಇವತ್ತಿನಿಂದ ದೊಡ್ಡ ಡಾಕ್ಟರ ಅಧ್ಯಯನ ಶುರು. ದೊಡ್ಡ ಡಾಕ್ಟರು ಅಂದರೆ ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ವೈರಸ್ ತಗಲಿ ಎದೆ ಕಟ್ಟಿಕೊಂಡು ಬಂದವರ ರಕ್ತದಲ್ಲಿ ಜಿಂಕ್ ಎಷ್ಟಿದೆ, ಕಡಿಮೆ ಇದ್ದವರಿಗೆ ಕಾಯಿಲೆ ಜೋರಾಗುತ್ತದೆಯೇ, ಮಾತ್ರೆ ಕೊಟ್ಟರೆ ಮೈಯೊಳಗಿನ ಕಾವಲು ಚುರುಕಾಗುತ್ತದೆಯೇ ಅಂತ ನೋಡಬೇಕಂತೆ. ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಅನ್ನುವುದು ಔಷಧ ವಿಭಾಗದ ಮೊಹರು ಹಾಕಿದ ಲಕೋಟೆಗಳಲ್ಲಿದೆ. ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಕೈಗೆ ಬರುವ ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ.

"ಸತು ಅಳೆಯೋದಕ್ಕೆ ಸತುವಮ್ಮನೇ ಬೇಕು" ಅಂತ ಜಿಂಕಿನ ಕನ್ನಡ ಹೆಸರನ್ನೇ ನನಗಿಟ್ಟು ಚುಡಾಯಿಸಿದ 'ಆಮೇಲೆ ಅಣ್ಣ'. ಈ ಲ್ಯಾಬಿನಲ್ಲಿ ನನ್ನ ಜೊತೆ ಇರುವವನು ಅವನೊಬ್ಬನೇ. ಏನು ಹೇಳಿದರೂ 'ಆಮೇಲೆ' ಅನ್ನುವುದರಿಂದ ಆ ಹೆಸರು. ಬರುವ ವರ್ಷ ನಿವೃತ್ತಿ. ಅದನ್ನೊಂದು ಮಾತ್ರ ಅವನು ಆಮೇಲೆ ಅನ್ನುವಂತಿಲ್ಲ.

ನಿನ್ನೆ ಮಗಳ ಫೋನು. "ಅಪ್ಪನಿಗೆ ಒಂದು ವಾರದಿಂದ ಕೆಮ್ಮಂತೆ. ನೀನೊಂದು ಸಲ ಮಾತಾಡ್ಸು" ಅಂದಳು. ಆ ಮನುಷ್ಯನಿಗೆ ನಾನ್ಯಾಕೆ ಫೋನು ಮಾಡಲಿ? ಹನ್ನೊಂದು ವರ್ಷದಲ್ಲಿ ನನಗೆ ಕೆಮ್ಮೇ ಬಂದಿಲ್ಲವಾ?

ಜನವರಿ 9, ಗುರುವಾರ

ಜಿಂಕ್ ಅಳೆಯುವುದು ಮೈಲಿಗೆಯ ಜೊತೆ ಜಗಳ. ರಬ್ಬರ್ ಮುಚ್ಚಳದಲ್ಲಿ ಜಿಂಕ್, ಗ್ಲೌಸಿನ ಪುಡಿಯಲ್ಲಿ ಜಿಂಕ್, ಗಾಳಿಯ ಧೂಳಿನಲ್ಲಿ ಜಿಂಕ್. ಬಾಟಲಿಗಳನ್ನೆಲ್ಲ ಹಿಂದಿನ ದಿನವೇ ಆಸಿಡ್ಡಿನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಏಳು ಸಲ ತೊಳೆದು, ಬೋರಲು ಹಾಕಿ ಒಣಗಿಸಬೇಕು. ಮೂಗಿನ ಮೇಲೆ ಬೆವರಿದ್ದರೂ ಒರೆಸಿಕೊಳ್ಳುವಂತಿಲ್ಲ. ಆಮೇಲೆ ಅಣ್ಣ ಹೇಳುತ್ತಾನೆ, "ತಾಯಿ, ನಿನ್ನ ಬಾಟಲಿಗಳಷ್ಟು ಮಡಿ ನಾನು ಎಲ್ಲೂ ನೋಡಿಲ್ಲ."

ಇವತ್ತು ಹನ್ನೊಂದು ಟ್ಯೂಬು. ಹೆಚ್ಚಿನವರ ಜಿಂಕ್ ಐವತ್ತರಿಂದ ಎಪ್ಪತ್ತರೊಳಗೆ. ಆರೋಗ್ಯವಂತರಿಗೆ ಎಪ್ಪತ್ತರ ಮೇಲಿರಬೇಕು. ಇಪ್ಪತ್ತೇಳನೇ ನಂಬರಿಗೆ ಮಾತ್ರ ಮೂವತ್ತೆಂಟು ಬಂತು. ನನ್ನದೇ ತಪ್ಪಿರಬಹುದೆಂದು ಹೊಸದಾಗಿ ಮಾಡಿದೆ. ಮೂವತ್ತೇಳು.

ಯಾರೋ ಪಾಪ. ಇಷ್ಟು ಕಡಿಮೆಯಾಗಲು ಒಂದು ವಾರದ ಜ್ವರ ಸಾಲದು. ವರ್ಷಗಟ್ಟಲೆ ಸರಿಯಾಗಿ ಊಟ ಮಾಡದವರು. ಬರಿ ಬ್ರೆಡ್ಡು, ಬರಿ ಚಹಾ. ನಾಲಿಗೆಗೆ ರುಚಿ ಸತ್ತಿರುತ್ತದೆ, ಕೈಗೆ ಗಾಯವಾದರೆ ತಿಂಗಳಾದರೂ ಮಾಯುವುದಿಲ್ಲ. ಮನೆಯಲ್ಲಿ ಕೇಳುವವರು ಒಬ್ಬರಾದರೂ ಬೇಡವಾ?

ಜನವರಿ 10, ಶುಕ್ರವಾರ

ವಾರ್ಡಿನ ಹೆಡ್ ಸಿಸ್ಟರು ತಾವೇ ಟ್ಯೂಬು ಹಿಡಿದು ಬಂದಿದ್ದರು. ನಿನ್ನೆ ಇಪ್ಪತ್ನಾಲ್ಕರ ಟ್ಯೂಬಿನಲ್ಲಿ ರಕ್ತಕಣ ಒಡೆದು ಮೇಲಿನ ತಿಳಿಯೂ ಕೆಂಪಾಗಿತ್ತು, ಮತ್ತೆ ಕಳಿಸಿ ಅಂದಿದ್ದೆ. ಕೊಟ್ಟು ಹೋಗುವಾಗ ನಗುತ್ತಾ ಹೇಳಿದರು:

"ಇಪ್ಪತ್ತೇಳರವರು ಲಿಫ್ಟ್ ಮೆಕ್ಯಾನಿಕ್ ಅಂತೆ ಮೇಡಂ. ಉಸಿರಾಡೋಕೇ ಆಗ್ತಿಲ್ಲ, ಮುಖಕ್ಕೆ ಆಕ್ಸಿಜನ್ನು. ಅದನ್ನೇ ಸರಿಸಿ ನಂಗೆ ಹೇಳ್ತಾರೆ, 'ಸಿಸ್ಟರ್, ನಿಮ್ಮ ಎರಡನೇ ಲಿಫ್ಟಿನ ಬಾಗಿಲು ಮುಚ್ಚೋ ಸದ್ದು ಸರಿಯಿಲ್ಲ, ಯಾರಿಗಾದ್ರೂ ಹೇಳಿ' ಅಂತ."

ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುವವನು ನನಗೆ ಗೊತ್ತಿರುವಂತೆ ಒಬ್ಬನೇ, ಮಗಳ ಅಪ್ಪ. ಅವರು ಹೋದ ಮೇಲೆ ನೋಡುತ್ತೇನೆ, ಗ್ಲೌಸ್ ಹಾಕಿದ ಕೈ ಮುಖದ ಮೇಲಿತ್ತು. ಗ್ಲೌಸ್ ಬದಲಿಸಿದೆ. ಇನ್ನೊಂದು ಸಲ ಬದಲಿಸಿದೆ.

ಆ ಸದ್ದು ಸರಿಯಿಲ್ಲ ಅನ್ನುವುದು ನಿಜ. ಎರಡು ವರ್ಷದಿಂದ ಕೇಳುತ್ತಿದ್ದೇನೆ.

ಜನವರಿ 11, ಶನಿವಾರ

ವಾರ್ಡಿಗೆ ಹೋಗಲಿಲ್ಲ.

ಜನವರಿ 13, ಸೋಮವಾರ

ಮಗಳಿಗೆ ಗೊತ್ತಾಗಿದೆ. ಆ ಮನುಷ್ಯ ಆಸ್ಪತ್ರೆಗೆ ಸೇರುವಾಗ ಅವಳ ನಂಬರು ಕೊಟ್ಟಿದ್ದನಂತೆ. ಅವಳು ಪಾಠ ಮಾಡುವ ಶಾಲೆಯಲ್ಲಿ ಪರೀಕ್ಷೆ, ರಜೆ ಸಿಗಲು ಇನ್ನೂ ಹತ್ತು ದಿನ. "ಅಮ್ಮ, ನೀನು ಅದೇ ಕಟ್ಟಡದಲ್ಲಿದ್ದೀಯ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವಳಪ್ಪ ಮನೆ ಬಿಟ್ಟು ಹೋದದ್ದು ಜಗಳವಾಡಿ ಅಲ್ಲ. ಜಗಳವಾಡಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಗೆಳೆಯ ಒಂದು ದಿನ ಲಿಫ್ಟಿನ ಗುಂಡಿಗೆ ಬಿದ್ದು ತೀರಿಕೊಂಡ. ಆವತ್ತು ಅದು ಗೆಳೆಯನ ಪಾಳಿಯಲ್ಲ. ಪಾಳಿ ಯಾಕೆ ಬದಲಾಗಿತ್ತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಬರೆಯದೆ ಇನ್ನೇನು. ನನಗೆ ಜ್ವರ ಬಂದಿತ್ತು. ಬರೀ ನೂರೊಂದು ಡಿಗ್ರಿ. "ಇವತ್ತೊಂದು ದಿನ ಮನೇಲಿರಿ" ಅಂದಿದ್ದೆ.

ಆಮೇಲೆ ಒಂದು ವರ್ಷ ಅವನ ಬಾಯಿಗೆ ಬೀಗ. ಊಟಕ್ಕೆ ಬಾ ಅಂದರೆ ಬರುತ್ತಿದ್ದ, ಎದ್ದು ಹೋಗುತ್ತಿದ್ದ. ಕೊನೆಗೆ, ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಸ್ವಲ್ಪ ದಿನ ಇರುತ್ತೇನೆ ಅಂದ. ಸ್ವಲ್ಪ ದಿನ ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ. ಕರೆದರೆ ಬರೋಣ ಅಂತ ಅವನು, ಬಂದರೆ ಬೇಡ ಅನ್ನಬಾರದು ಅಂತ ನಾನು. ಮಗಳು ಅತ್ತ ಭಾನುವಾರ, ಇತ್ತ ಸೋಮವಾರ ಅಂತ ಓಡಾಡಿಕೊಂಡೇ ಬೆಳೆದುಬಿಟ್ಟಳು.

ದೀಪ ಹದಕ್ಕೆ ಬಂದು ಹತ್ತು ನಿಮಿಷವಾಯಿತು. ಆಮೇಲೆ ಅಣ್ಣ ಎರಡು ಸಲ ಕೆಮ್ಮಿದ.

ಜನವರಿ 14, ಮಂಗಳವಾರ

ಊಟದ ಹೊತ್ತಿನಲ್ಲಿ ವಾರ್ಡಿನ ಕಡೆ ಹೋಗಿದ್ದೆ. ಒಳಗೆ ಅಲ್ಲ. ಬಾಗಿಲಿನ ಗಾಜಿನಿಂದ ಕೊನೆಯ ಮಂಚ, ಇಪ್ಪತ್ತೇಳರದು, ಅರ್ಧ ಕಾಣುತ್ತದೆ. ಒಂದು ಕೈ ಕಂಡಿತು. ಹೆಬ್ಬೆರಳಿಗೆ, ತೋರುಬೆರಳಿಗೆ ಪಟ್ಟಿ ಸುತ್ತಿದೆ. ಅದೇ ಅಂದುಕೊಂಡಿದ್ದೆ, ಗಾಯ ಮಾಯುತ್ತಿಲ್ಲ. ಕೈ ತೆಳ್ಳಗಾಗಿದೆ. ಮೊದಲು ಅವನ ಗಡಿಯಾರದ ಪಟ್ಟಿ ಕೊನೆಯ ತೂತಿಗೂ ಬಿಗಿಯಾಗುತ್ತಿತ್ತು.

ಯಾರೋ ಬಂದರು. ಫೈಲು ಮರೆತವಳ ಹಾಗೆ ತಿರುಗಿ ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಂದು.

ಜನವರಿ 16, ಗುರುವಾರ

ಏಳನೇ ದಿನದ ಟ್ಯೂಬುಗಳು ಬಂದವು. ನಿಯಮದ ಪ್ರಕಾರ ಒಂದೊಂದನ್ನು ಎರಡು ಸಲ ಓದಿಸಬೇಕು. ಇಪ್ಪತ್ತೇಳನ್ನು ನಾಲ್ಕು ಸಲ ಓದಿಸಿದೆ. ಮೂವತ್ತೊಂಬತ್ತು, ನಲವತ್ತು, ಮೂವತ್ತೊಂಬತ್ತು, ಮೂವತ್ತೊಂಬತ್ತು.

ಒಂದು ವಾರ ಮಾತ್ರೆ ನುಂಗಿದವರ ಅಂಕಿ ಇದಲ್ಲ. ಹತ್ತೊಂಬತ್ತನೇ ನಂಬರಿನವರು ಐವತ್ತೆರಡರಿಂದ ಎಂಬತ್ತಕ್ಕೆ ಏರಿದ್ದಾರೆ. ಇಪ್ಪತ್ತೇಳರವರಿಗೆ ಸಪ್ಪೆ ಮಾತ್ರೆಯೇ ಬಿದ್ದಿದೆ. ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವರಿಗೆ ಸಪ್ಪೆ. ಹಣೆಬರಹ ಅನ್ನಬೇಕಾ, ಲಾಟರಿ ಅನ್ನಬೇಕಾ? ಜ್ವರ ಇಳಿದಿಲ್ಲವಂತೆ. ಆಕ್ಸಿಜನ್ ಇನ್ನೂ ಏರಿಸಿದ್ದಾರಂತೆ. ಹೆಡ್ ಸಿಸ್ಟರನ್ನು ಕೇಳಿದಾಗ, "ಯಾಕೆ ಮೇಡಂ, ಇಪ್ಪತ್ತೇಳರ ಮೇಲೆ ಅಷ್ಟು ಕಾಳಜಿ?" ಅಂದರು. "ಅಂಕಿ ವಿಚಿತ್ರವಾಗಿದೆ, ಅದಕ್ಕೆ" ಅಂದೆ.

ಮಧ್ಯಾಹ್ನ ಎದುರಿನ ಅಂಗಡಿಯಿಂದ ಒಂದು ಹಾಳೆ ಜಿಂಕ್ ಮಾತ್ರೆ ತಂದೆ. ಹತ್ತು ಮಾತ್ರೆ. ಕೋಟಿನ ಜೇಬಿನಲ್ಲಿದೆ. ಪುಡಿ ಮಾಡಿದರೆ ಹಾಲಿನಲ್ಲಿ ಕರಗುತ್ತದೆ. ಮನೆಯವರು ಕಳಿಸಿದ ಹಾಲು ಅಂದರೆ ಸಿಸ್ಟರು ಕೊಡುತ್ತಾರೆ. ಮನೆಯವರು ಯಾರು ಅಂತ ಕೇಳಿದರೆ?

ಮೂವತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ ನಾನು.

ಇದು ಅಂಕಿ ತಿದ್ದಿದ ಹಾಗಲ್ಲ.

ಅದೇ.

ಜನವರಿ 17, ಶುಕ್ರವಾರ

ಬೆಳಿಗ್ಗೆ ಹಾಲಿನ ಫ್ಲಾಸ್ಕ್ ತುಂಬಿಸಿಕೊಂಡೇ ಬಂದೆ. ಮಾತ್ರೆ ಪುಡಿ ಮಾಡಲು ಲ್ಯಾಬಿನ ಒರಳು ಇತ್ತು. ಎರಡು ಮಾತ್ರೆ ಹಾಕಿ ಅರೆದೂ ಬಿಟ್ಟೆ. ಆಮೇಲೆ ಅಣ್ಣ ಎದುರಿಗೇ ಇದ್ದ. ಒರಳಿನೊಳಗೆ ಇಣುಕಿ, "ತಂಗಿ, ಎಲ್ಲದಕ್ಕೂ ಆಮೇಲೆ ಅನ್ನೋನು ನಾನು. ಇದಕ್ಕೆ ನೀನೂ ಒಂದ್ಸಲ ಆಮೇಲೆ ಅನ್ನು" ಅಂದ.

ಒರಳನ್ನು ಹಾಗೇ ಬಿಟ್ಟು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಕೂರಿ ಅಂದರು, ಕೂರಲಿಲ್ಲ.

"ಇಪ್ಪತ್ತೇಳನೇ ನಂಬರು ನನ್ನ ಗಂಡ."

ಅವರು ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ ಗೊತ್ತು?"

"ಒಂದು ವಾರ."

"ಏಳನೇ ದಿನದ ಸ್ಯಾಂಪಲ್ ನೀವೇ ಮಾಡಿದ್ದು?"

"ನಾನೇ. ನಾಲ್ಕು ಸಲ ಮಾಡಿದೆ." ಮಾತ್ರೆ ತಂದದ್ದು, ಅರೆದದ್ದು, ಎಲ್ಲ ಹೇಳಿದೆ. ಜೇಬಿನಿಂದ ಉಳಿದ ಎಂಟು ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಫೋನು ಎತ್ತಿ ಔಷಧ ವಿಭಾಗಕ್ಕೆ, ಇಪ್ಪತ್ತೇಳನ್ನು ಅಧ್ಯಯನದಿಂದ ಕೈಬಿಡುತ್ತಿದ್ದೇನೆ, ಲಕೋಟೆ ಒಡೆಯಿರಿ ಅಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಫೋನು ಇಟ್ಟು ನನ್ನ ಮುಖ ನೋಡಿದರು.

"ನಿಮ್ಮ ಯಜಮಾನರಿಗೆ ಹೋಗ್ತಿದ್ದದ್ದು ನಿಜವಾದ ಮಾತ್ರೇನೇ. ಮೊದಲ ದಿನದಿಂದ."

ಆಗ ಕೂತೆ.

"ಅದರ ಮೇಲೆ ನಿಮ್ಮದು ಎರಡು ಹೋಗಿದ್ರೆ ವಾಂತಿ ಆಗ್ತಿತ್ತು. ಮುಖಕ್ಕೆ ಮಾಸ್ಕ್ ಬಿಗಿದಿರೋರಿಗೆ ವಾಂತಿ ಅಂದ್ರೆ ಏನು ಅಂತ ನಿಮಗೆ ಹೇಳ್ಬೇಕಾ?" ಆಮೇಲೆ ಸ್ವರ ಇಳಿಸಿದರು. "ಸೋಂಕು ಜೋರಾಗಿದ್ದಾಗ ದೇಹ ಜಿಂಕನ್ನ ರಕ್ತದಿಂದ ಎಳ್ಕೊಂಡು ಲಿವರಿನಲ್ಲಿ ಇಟ್ಕೊಳ್ಳುತ್ತೆ. ಕೊಟ್ಟಿದ್ದೂ ಅಲ್ಲಿಗೇ ಹೋಗುತ್ತೆ. ರಕ್ತದಲ್ಲಿ ಕಾಣಲ್ಲ ಅಂದ ಮಾತ್ರಕ್ಕೆ ಮೈಯಲ್ಲೇ ಇಲ್ಲ ಅಂತಲ್ಲ."

ನನಗೆ ಗೊತ್ತಿರುವ ಪಾಠ. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ನಿನ್ನೆ ಅದು ಎಲ್ಲಿ ಹೋಗಿತ್ತು?

"ಹಾಗಾದ್ರೆ ಮಾತ್ರೆಯಿಂದ ಹುಷಾರಾಗ್ತಾರಾ?"

"ಕೊರತೆ ಇರೋದು ನಿಜ, ತುಂಬಿಸೋದು ಒಳ್ಳೇದು. ಇದರಿಂದಲೇ ಗುಣ ಆಗುತ್ತಾ ಅಂತ ಕೇಳಿದ್ರೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ಈ ಅಧ್ಯಯನ ಯಾಕೆ ಬೇಕಿತ್ತು?"

ಇಪ್ಪತ್ತೇಳರ ಟ್ಯೂಬುಗಳನ್ನು ಇನ್ನು ಮುಂದೆ ಆಮೇಲೆ ಅಣ್ಣ ನೋಡುತ್ತಾನೆ. ನಾನು ಮುಟ್ಟುವಂತಿಲ್ಲ. ಸರಿಯೇ. ಆದರೆ ಒಂದು ವಾರದಿಂದ ಅವರದು ಅಂತ ನನ್ನ ಕೈಗೆ ಬರುತ್ತಿದ್ದದ್ದು ಆ ಬೆರಳುದ್ದದ ಟ್ಯೂಬು ಒಂದೇ.

ಬಾಗಿಲ ಹತ್ತಿರ ಬಂದಾಗ ಡಾಕ್ಟರು ಕೂಗಿದರು. "ಭೇಟಿ ಸಮಯ ನಾಲ್ಕರಿಂದ ಐದು. ಮನೆಯವರು ಒಬ್ಬರಿಗೆ ಅವಕಾಶ. ನಿಮಗೆ ಯಾರೂ ಹೇಳಿಲ್ವಾ?"

ಜನವರಿ 18, ಶನಿವಾರ

ವಾರ್ಡಿನ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ. ರೋಗಿಯ ನಂಬರು, ಬಂದವರ ಸಹಿ, ಸಂಬಂಧ. ಸಂಬಂಧದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಹಿಂದೆ ಇಬ್ಬರು ಕಾಯುತ್ತಿದ್ದರು. "ಬೇಗ ಬರೀರಮ್ಮ" ಅಂದ ಕಾವಲುಗಾರ. 'ಹೆಂಡತಿ' ಅಂತ ಬರೆದೆ. ಅಕ್ಷರ ಎಂಟನೇ ಕ್ಲಾಸಿನ ಹುಡುಗಿ ಬರೆದ ಹಾಗೆ ಬಂತು.

ಟೋಪಿ, ಮಾಸ್ಕು, ಗೌನು. ಕಣ್ಣು ಮಾತ್ರ ಹೊರಗೆ. ಗುರುತು ಹಿಡಿಯುವುದಿಲ್ಲ ಅಂದುಕೊಂಡು ಮಂಚದ ಪಕ್ಕ ನಿಂತೆ.

"ಇಷ್ಟು ಹೊತ್ತಾ?" ಅಂದರು.

ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಸಂಜೆ ಬಸ್ಸು ತಪ್ಪಿ ತಡವಾಗಿ ಬಂದವಳಿಗೆ ಹೇಳುವ ಹಾಗೆ.

"ಮಾತಾಡಬೇಡಿ. ಉಸಿರು ಉಳಿಸ್ಕೊಳ್ಳಿ" ಅಂದೆ.

"ನೀನು ಮಾತಾಡು ಹಾಗಾದ್ರೆ."

ಏನು ಮಾತಾಡಲಿ? ಮಗಳ ಶಾಲೆಯ ಪರೀಕ್ಷೆ, ಆಮೇಲೆ ಅಣ್ಣನ ನಿವೃತ್ತಿ, ಬಾಟಲಿ ಏಳು ಸಲ ತೊಳೆಯುವುದು, ಎಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿದ್ದೆ ಬಂತೇನೋ ಅಂತ ನಿಲ್ಲಿಸಿದರೆ ಬೆರಳು ಅಲ್ಲಾಡಿಸಿ ಮುಂದುವರಿಸು ಅನ್ನುತ್ತಿದ್ದರು.

"ಊಟ ಏನ್ ಮಾಡ್ತಿದ್ರಿ ಇಷ್ಟು ವರ್ಷ?" ಅಂತ ಕೇಳಿದೆ.

"ಬ್ರೆಡ್ಡು. ಯಾವುದಕ್ಕೂ ರುಚಿನೇ ಇರಲಿಲ್ಲ. ಹೋಟೆಲ್ನೋರಿಗೆ ಬೈತಿದ್ದೆ."

ನಗು ಬಂತು. ನಕ್ಕರೆ ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕಕ್ಕೆ ಮಂಜು ಹತ್ತಿ ಏನೂ ಕಾಣಲಿಲ್ಲ. ಒರೆಸಿಕೊಳ್ಳುವಂತಿಲ್ಲ. ಹಾಗೇ ನಿಂತಿದ್ದೆ. ಐದು ಗಂಟೆಯಾಯಿತು.

ಜನವರಿ 21, ಮಂಗಳವಾರ

ಒಳಗೆ ಬಿಡಲಿಲ್ಲ. ಉಸಿರಾಟ ಇನ್ನೂ ಕೆಟ್ಟು ಅವರನ್ನು ಬೋರಲು ಮಲಗಿಸಿದ್ದಾರೆ. ಗಾಜಿನಿಂದ ಬೆನ್ನು ಕಾಣುತ್ತದೆ.

ಜನವರಿ 22, ಬುಧವಾರ

ಬೆನ್ನು.

ಆಮೇಲೆ ಅಣ್ಣ ನನ್ನ ಟ್ಯೂಬುಗಳನ್ನೂ ತಾನೇ ಮಾಡಿದ. ಒಂದು ಸಲವೂ ಆಮೇಲೆ ಅನ್ನಲಿಲ್ಲ. ಅದಕ್ಕೇ ಭಯವಾಯಿತು.

ಜನವರಿ 23, ಗುರುವಾರ

ಮಗಳು ಬೆಳಿಗ್ಗೆ ಬಂದಳು. ಇಬ್ಬರೂ ಗಾಜಿನ ಮುಂದೆ ನಿಂತೆವು. ನನ್ನ ಕೈ ಹಿಡಿದುಕೊಂಡಳು. "ಅಮ್ಮ, ನೀನು ಅಪ್ಪನಿಗೆ ಯಾವಾಗಲಾದ್ರೂ ಮನೆಗೆ ಬನ್ನಿ ಅಂದಿದ್ಯಾ?" ಅಂದಳು. ಇಲ್ಲ ಅಂದೆ. "ಅವರೂ ಬರ್ಲಾ ಅಂತ ಕೇಳಿಲ್ಲ ಅಲ್ವಾ?" ಇಲ್ಲ. "ಸಣ್ಣವಳಿದ್ದಾಗ ನಂಗನಿಸ್ತಿತ್ತು, ನಾನು ಒಂದು ಸುಳ್ಳು ಹೇಳಿಬಿಡ್ಲಾ ಅಂತ. ಅಮ್ಮ ಕರೀತಿದ್ದಾಳೆ ಅಂತ ಅಲ್ಲಿ, ಅಪ್ಪ ಬರ್ತಾರಂತೆ ಅಂತ ಇಲ್ಲಿ."

"ಯಾಕೆ ಹೇಳಲಿಲ್ಲ?"

"ಸುಳ್ಳು ಹೇಳಬಾರದು ಅಂತ ನೀವಿಬ್ಬರೂ ಕಲಿಸಿದ್ರಲ್ಲ."

ಜನವರಿ 26, ಭಾನುವಾರ

ಜ್ವರ ಬಿಟ್ಟಿದೆ. ಅಂಗಾತ ಮಲಗಿಸಿದ್ದಾರೆ. ಮಗಳನ್ನು ಒಳಗೆ ಕಳಿಸಿದೆ. ಒಬ್ಬರಿಗೆ ಮಾತ್ರ ಅವಕಾಶ ಅಂತ ನಿಯಮವಿದೆಯಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಆ ಒಂದು ಗಂಟೆಯನ್ನು ಹೇಗೆ ಕಳೆದೆನೋ. ಹೊರಗೆ ಬಂದವಳು, "ನಿನ್ನ ಕೇಳಿದ್ರು" ಅಂದಳು. ಏನಂತ ಅಂದರೆ, "ಎಲ್ಲಿ ಅಂತ. ಅಷ್ಟೇ" ಅಂದಳು.

ಅಷ್ಟೇ ಅಂತೆ.

ಫೆಬ್ರವರಿ 5, ಬುಧವಾರ

ಇವತ್ತು ಬಿಡುಗಡೆ. ಕುರ್ಚಿಯಿಂದ ಎದ್ದು ಹತ್ತು ಹೆಜ್ಜೆ ಹಾಕಿದರೆ ಏದುಸಿರು. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ತೊಂಬತ್ತಕ್ಕಿಂತ ಕೆಳಗಿಳಿಯುತ್ತದೆ. ಮೆಟ್ಟಿಲು ಹತ್ತುವುದು ಸದ್ಯಕ್ಕೆ ಮರೆತುಬಿಡಿ ಅಂದರು ದೊಡ್ಡ ಡಾಕ್ಟರು. ನನ್ನ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟಿಲ್ಲ. ಆ ಕಾಲದಲ್ಲಿ, "ದಿನವೆಲ್ಲ ಲಿಫ್ಟ್ ನೋಡ್ತೀನಿ, ಮನೇಲೂ ಅದು ಬೇಡ" ಅಂತ ಆ ಮನೆ ಹುಡುಕಿದವರು ಅವರೇ.

ಮಗಳ ಮನೆ ನೆಲಕ್ಕೇ ಇದೆ. ಅವಳೇ ಕರೆದುಕೊಂಡು ಹೊರಟಳು. ಐದು ಗಂಟೆಯ ದಾರಿ. ಕಾರಿನ ಬಾಗಿಲ ಹತ್ತಿರ ನಿಂತು, ದಿಂಬು ಸರಿಯಿದೆಯಾ, ನೀರು ಇದೆಯಾ, ಮಾತ್ರೆ ಊಟ ಆದ ಮೇಲೆ, ಚಹಾ ಜೊತೆ ಬೇಡ, ಚಹಾ ಕುಡಿದರೆ ಮೈಗೆ ಹತ್ತುವುದಿಲ್ಲ ಅಂತೆಲ್ಲ ಹೇಳಿದೆ. ಹೇಳಬೇಕಾಗಿದ್ದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ.

ಕಾರು ಹೊರಟಿತು. ತಿರುವಿನವರೆಗೆ ನೋಡಿದೆ. ಓಡಿದೆ. ಐವತ್ತನಾಲ್ಕು ವರ್ಷದವಳು ಲ್ಯಾಬ್ ಕೋಟು ಹಾಕಿಕೊಂಡು ಆಸ್ಪತ್ರೆಯ ಮುಂದೆ ಓಡಿದೆ! ಸಿಗ್ನಲ್ಲಿನಲ್ಲಿ ನಿಂತಿದ್ದರು. ಕಿಟಕಿ ತಟ್ಟಿದೆ. ಗಾಜು ಇಳಿಯಿತು.

"ಮೆಟ್ಟಿಲು ಹತ್ತೋಕೆ ಆದಾಗ ಮನೆಗೆ ಬನ್ನಿ" ಅಂದೆ.

ಅವರು ಏನೋ ಹೇಳಿದರು. ಹಿಂದಿನ ಗಾಡಿಗಳ ಹಾರನ್ನಿನಲ್ಲಿ ಕೇಳಿಸಲಿಲ್ಲ. ಹಸಿರು ಬಿತ್ತು.

ಫೆಬ್ರವರಿ 17, ಸೋಮವಾರ

ದಿನಾ ನಾಲ್ಕು ಗಂಟೆಗೆ ಫೋನು. ಭೇಟಿ ಸಮಯ ಅಂತ ಅವರ ತಮಾಷೆ. ಆವತ್ತು ಸಿಗ್ನಲ್ಲಿನಲ್ಲಿ ಏನಂದಿರಿ ಅಂತ ಕೇಳಿದರೆ, "ಮರೆತೋಯ್ತು" ಅನ್ನುತ್ತಾರೆ. ಮಗಳೂ ಬಾಯಿ ಬಿಡುವುದಿಲ್ಲ. ಅಪ್ಪ ಮಗಳು ಒಂದೇ ಕಟ್ಟು.

ಅಂಗಳದಲ್ಲಿ ಒಂದು ಸುತ್ತು ನಡೆದರಂತೆ. ಉಸಿರಿನ ವ್ಯಾಯಾಮಕ್ಕೆ ಕೊಟ್ಟ ಡಬ್ಬಿಯಲ್ಲಿ ಎರಡು ಚೆಂಡು ಏರುತ್ತವೆ, ಮೂರನೆಯದು ಜಪ್ಪಯ್ಯ ಅನ್ನುವುದಿಲ್ಲವಂತೆ.

ಮಾತು ಮುಗಿದು ಫೋನು ಇಟ್ಟ ಮೇಲೆ ಲ್ಯಾಬು ಎಷ್ಟು ಸದ್ದು ಮಾಡುತ್ತದೆ ಅಂತ ಗೊತ್ತಾಗುತ್ತದೆ. ಫ್ರಿಜ್ಜಿನ ಗುಂಯ್, ಗಾಳಿ ಎಳೆಯುವ ಫ್ಯಾನು. ಹನ್ನೊಂದು ವರ್ಷ ಒಬ್ಬಳೇ ಇದ್ದಾಗ ಕೇಳಿಸದ ಸದ್ದು ಈಗ ಹನ್ನೆರಡು ದಿನಕ್ಕೇ ಕೇಳಿಸುತ್ತಿದೆ. ಆಗ ಕಾಯುವುದೇನೂ ಇರಲಿಲ್ಲ, ಅದಕ್ಕಿರಬೇಕು. ಮೊದಲೇ ಚೆನ್ನಾಗಿತ್ತು ಅಂತ ಒಂದೊಂದು ಸಲ ಅನ್ನಿಸುತ್ತದೆ. ಸುಳ್ಳು.

ಮಾರ್ಚ್ 12, ಬುಧವಾರ

ಅಧ್ಯಯನ ಮುಗಿಯಿತು. ದೊಡ್ಡ ಡಾಕ್ಟರು ಇಬ್ಬರನ್ನೂ ಕರೆದು ತೋರಿಸಿದರು. ಜಿಂಕ್ ಕಡಿಮೆ ಇದ್ದವರಿಗೆ ಕಾಯಿಲೆ ಜೋರಾಗಿತ್ತು, ಅದು ಸ್ಪಷ್ಟ. ಕಡಿಮೆ ಇದ್ದದ್ದರಿಂದ ಜೋರಾಯಿತೋ, ಜೋರಾದದ್ದರಿಂದ ಕಡಿಮೆಯಾಯಿತೋ, ಅದು ಸ್ಪಷ್ಟವಿಲ್ಲ. ಮಾತ್ರೆ ತಿಂದವರು, ತಿನ್ನದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಷ್ಟು ಕಡಿಮೆ ಜನರಲ್ಲಿ ಕಾಣಲಿಲ್ಲ. ಪಟ್ಟಿಯಲ್ಲಿ ಇಪ್ಪತ್ತಾರರ ನಂತರ ಇಪ್ಪತ್ತೆಂಟು.

"ಬೇಜಾರಾಯ್ತಾ?" ಅಂದರು.

"ಇಲ್ಲ. ಗೊತ್ತಿಲ್ಲ ಅಂತ ಬರೆದದ್ದೂ ವರದೀನೇ" ಅಂದೆ. ಆರು ತಿಂಗಳ ಹಿಂದೆ ನಾನು ಹೀಗೆ ಹೇಳುತ್ತಿದ್ದೆನಾ ಅಂತ ಆಮೇಲೆ ಅಣ್ಣ ಕೇಳಿದ. ಹೇಳುತ್ತಿದ್ದೆನಪ್ಪ, ಯಾಕೆ ಹೇಳುತ್ತಿರಲಿಲ್ಲ?

ಮಾರ್ಚ್ 25, ಮಂಗಳವಾರ

ಇವರು ಒಂಬತ್ತು ಮೆಟ್ಟಿಲು ಹತ್ತಿದರಂತೆ. ಮಗಳ ಶಾಲೆಯ ಮೆಟ್ಟಿಲಂತೆ. ಭಾನುವಾರ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸುತ್ತಿದ್ದಾಳೆ.

ಮನೆಗೆ ಹೋಗುವಾಗ ನಮ್ಮ ಮೆಟ್ಟಿಲು ಎಣಿಸಿದೆ. ಐವತ್ತನಾಲ್ಕು.

ಏಪ್ರಿಲ್ 6, ಭಾನುವಾರ

ಹೇಳದೆ ಕೇಳದೆ ಬಂದರು. ಬೆಳಿಗ್ಗೆ ಹತ್ತಕ್ಕೆ ಮಗಳು ಕೆಳಗಿನಿಂದ ಫೋನು ಮಾಡಿ, "ಬಾಲ್ಕನಿಗೆ ಬಾ" ಅಂದಳು. ನೋಡಿದರೆ ಕಾರಿಗೆ ಒರಗಿಕೊಂಡು ನಿಂತು ಮೇಲೆ ನೋಡುತ್ತಿದ್ದಾರೆ. ಒಲೆ ಆರಿಸಿದೆನೋ ಇಲ್ಲವೋ, ಇಳಿದು ಓಡಿದೆ.

"ಡಾಕ್ಟ್ರು ಒಪ್ಪಿದ್ರಾ?" ಅಂದೆ.

"ನಿಧಾನ ಹತ್ತಿ ಅಂದ್ರು. ಎಷ್ಟು ನಿಧಾನ ಅಂತ ಹೇಳಲಿಲ್ಲ."

ಮೊದಲ ಮಹಡಿಯ ಟೈಲರಮ್ಮ ಕುರ್ಚಿ ತಂದು ಮೆಟ್ಟಿಲ ತಿರುವಿನಲ್ಲಿಟ್ಟಳು. ಎರಡನೇ ಮಹಡಿಯ ಮೇಷ್ಟ್ರು ಇನ್ನೊಂದು ತಂದರು. ಒಂಬತ್ತು ಮೆಟ್ಟಿಲು ಹತ್ತುವುದು, ಕೂರುವುದು, ಕ್ಲಿಪ್ಪು ತೊಂಬತ್ನಾಲ್ಕು ತೋರಿಸುವವರೆಗೆ ಕಾಯುವುದು, ಮತ್ತೆ ಒಂಬತ್ತು. ಹಿಂದೆ ಒಂದು ಕುರ್ಚಿ ಖಾಲಿಯಾದಂತೆ ಮೇಷ್ಟ್ರು ಅದನ್ನು ಮೇಲಕ್ಕೆ ಒಯ್ಯುತ್ತಿದ್ದರು.

ನಾಲ್ಕನೇ ತಿರುವಿನಲ್ಲಿ ಮಗಳು ಬಾಗಿಲು ತೆಗೆಯಲು ಮುಂದೆ ಹೋದಳು. ನಾವಿಬ್ಬರೇ. ಇವರು ಕುರ್ಚಿಯಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ. ಉಸಿರು ಹದಕ್ಕೆ ಬರುವವರೆಗೆ ಸುಮ್ಮನಿದ್ದು ಕೇಳಿಬಿಟ್ಟೆ.

"ಆವತ್ತು ನನಗೆ ಜ್ವರ ಬರದೇ ಇದ್ದಿದ್ರೆ ನೀವು ಪಾಳಿ ಬದಲಿಸ್ತಿರಲಿಲ್ಲ. ನನ್ನಿಂದ ಹೀಗಾಯ್ತು ಅಂತ ತಾನೆ ನೀವು ಹೋದದ್ದು?"

ಇವರು ನನ್ನನ್ನು ಎಷ್ಟು ಹೊತ್ತು ನೋಡಿದರು ಅಂದರೆ, ಕ್ಲಿಪ್ಪು ತೊಂಬತ್ತೈದಕ್ಕೆ ಬಂದುಬಿಟ್ಟಿತ್ತು.

"ನಿನ್ನಿಂದ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ."

"ಸೊಂಟಕ್ಕೆ ಕಟ್ಟೋ ಹಗ್ಗ ಸವೆದಿದೆ ಅಂತ ಅವನು ಹಿಂದಿನ ವಾರವೇ ಹೇಳಿದ್ದ. ನೋಡೋಣ ಅಂದಿದ್ದೆ ನಾನು. ಅದನ್ನ ನಿನ್ನ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ನಿನ್ನ ಮುಖ ನೋಡಿದ್ರೆ ಹೇಳಿಬಿಡ್ತೀನೇನೋ ಅಂತ ಹೋದೆ." ಮೂರು ಸಲ ನಿಲ್ಲಿಸಿ ನಿಲ್ಲಿಸಿ ಹೇಳಿದರು. "ನೀನು ಹೀಗೆ ಅಂದ್ಕೊಂಡಿದ್ದೀಯ ಅಂತ ಗೊತ್ತಿದ್ದಿದ್ರೆ ಮಾರನೇ ದಿನಾನೇ ಬರ್ತಿದ್ದೆ ಕಣೇ."

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹನ್ನೊಂದು ವರ್ಷ ಇಬ್ಬರೂ ಒಂದೇ ಸಾವಿನ ಹೊರೆಯನ್ನು ಬೇರೆ ಬೇರೆ ಮನೆಯಲ್ಲಿ ಹೊತ್ತಿದ್ದೆವು. ಕೈ ಚಾಚಿದೆ. ಹಿಡಿದುಕೊಂಡರು. ಬೆರಳಿನ ಗಾಯಗಳು ಮಾಯ್ದಿವೆ, ಹೊಸ ಚರ್ಮ ನುಣ್ಣಗಿದೆ. ಹನ್ನೊಂದು ವರ್ಷದ ಮೇಲೆ ಇವರನ್ನು ಗ್ಲೌಸಿಲ್ಲದೆ ಮುಟ್ಟಿದ್ದು ಇದೇ ಮೊದಲು.

ಉಳಿದ ಹದಿನೆಂಟು ಮೆಟ್ಟಿಲಿಗೆ ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ಮಗಳು ಬಾಗಿಲು ತೆರೆದು ಒಳಗೆ ನಿಂತಿದ್ದಳು. ಇವರು ಹೊಸ್ತಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತುಬಿಟ್ಟರು. ಉಸಿರಿಗೆ ಅಂದುಕೊಂಡೆ. ಅಲ್ಲ. ನೆಂಟರ ಮನೆಗೆ ಮೊದಲ ಸಲ ಬಂದವರ ಹಾಗೆ ಮೆಲ್ಲಗೆ ಕೇಳಿದರು:

"ಚಪ್ಪಲಿ ಎಲ್ಲಿ ಬಿಡ್ಲಿ?"

"ಮೊದಲು ಎಲ್ಲಿ ಬಿಡ್ತಿದ್ರೋ ಅಲ್ಲೇ" ಅಂದೆ.

ಆ ಕಡೆ ನೋಡಿದರು, ಈ ಕಡೆ ನೋಡಿದರು. ಇವರಿಗೆ ಆ ಜಾಗ ಮರೆತುಹೋಗಿತ್ತು. ನಾನು ಬಗ್ಗಿ ತೋರಿಸಿದೆ.